ಕಾಲುವೆಯಲ್ಲಿ ತೊಳೆದ ಕಾಲು

ಜಮಖಂಡಿಯ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಪಾಠ ಬರುತ್ತದೆ: ರೋಗಾಣುಗಳು ಮೈಮೇಲೆ ಬಿದ್ದಾಗ ಗಿಡಗಳು ತಮ್ಮನ್ನು ಹೇಗೆ ಕಾಪಾಡಿಕೊಳ್ಳುತ್ತವೆ ಎಂಬುದು. ವಿದ್ಯಾರ್ಥಿಗಳಿಗೆ ಈ ಪಾಠವೆಂದರೆ ಬಲು ಇಷ್ಟ, ಅದರಲ್ಲಿ ಹೊಡೆದಾಟವಿದೆ. ನನಗೆ ಮಾತ್ರ ಆ ವಾರ ಬಂತೆಂದರೆ ಊಟ ಸೇರುವುದಿಲ್ಲ. ಬೇರೆ ಯಾರದಾದರೂ ಕೊರಳಿಗೆ ಕಟ್ಟಲು ಎಷ್ಟೋ ಸಲ ನೋಡಿದ್ದೇನೆ. "ನಿಮ್ಮಷ್ಟು ಛಲೋ ಯಾರ ಹೇಳ್ತಾರ್ರೀ ಮೇಡಂ" ಎಂದು ಜೊತೆಯ ಉಪನ್ಯಾಸಕರು ನಕ್ಕು ತಿರುಗಿ ನನಗೇ ಒಪ್ಪಿಸುತ್ತಾರೆ. ಛಲೋ ಹೇಳುತ್ತೇನೆ, ಖರೆ. ಹೇಳುವುದಕ್ಕೇನು, ಬಾಯಿ ಒಂದಿದ್ದರೆ ಸಾಕು.

ಸುತ್ತಿ ಬಳಸಿ ಮಾತಾಡುವುದು ನನಗೆ ಆಗುವುದಿಲ್ಲ. ತೇರದಾಳದ ಹತ್ತಿರ, ಹೊಳೆಯ ದಿಕ್ಕಿಗೆ, ನಮ್ಮದೊಂದು ಎಲೆತೋಟವಿತ್ತು, ವೀಳ್ಯದೆಲೆಯ ತೋಟ. ಅದನ್ನು ಕೊಂದವಳು ನಾನು. ಕೊಂದವಳೆಂದು ಊರಲ್ಲಿ ಹೆಸರಾದವಳು ನನ್ನ ವೈನಿ, ಅಣ್ಣನ ಹೆಂಡತಿ. ಆ ಹೆಸರನ್ನು ಅವಳ ತಲೆಯಿಂದ ಇಳಿಸುವ ಒಂದು ಮಾತು ನನ್ನ ಹತ್ತಿರವಿತ್ತು. ಅದನ್ನು ಹದಿನೈದು ವರ್ಷ ನಾನು ಆಡಲಿಲ್ಲ.

ಆ ತೋಟ ದೊಡ್ಡದೇನೂ ಆಗಿರಲಿಲ್ಲ. ಒಂದು ಎಕರೆಯ ಮೇಲೆ ಸ್ವಲ್ಪ. ಚೊಗಚೆ ಮತ್ತು ನುಗ್ಗೆಯ ಗಿಡಗಳನ್ನು ಸಾಲಾಗಿ ನೆಟ್ಟು, ಒಂದೊಂದರ ಮೈಗೆ ಒಂದೊಂದು ಬಳ್ಳಿ ಹಬ್ಬಿಸಿದ್ದರು. ನಡು ಬೇಸಿಗೆಯಲ್ಲೂ ಒಳಗೆ ಹೆಜ್ಜೆ ಇಟ್ಟರೆ ಮೈ ತಣ್ಣಗಾಗುತ್ತಿತ್ತು. ಎಲೆಬಳ್ಳಿಗೆ ಬೀಜವಿಲ್ಲ, ಇದ್ದ ಬಳ್ಳಿಯ ತುಂಡು ಕತ್ತರಿಸಿ ಊರಬೇಕು. ನಮ್ಮ ಅಜ್ಜಿ ಮದುವೆಯಾಗಿ ಬರುವಾಗ ಬೀಳಗಿ ಕಡೆಯ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ತುಂಡುಗಳೇ ಬೆಳೆದು, ಕತ್ತರಿಸಿಕೊಂಡು, ಮತ್ತೆ ಬೆಳೆದು ಇಡೀ ತೋಟವಾಗಿತ್ತು. ಅಂದರೆ ಲೆಕ್ಕಕ್ಕೆ ಸಾವಿರ ಬಳ್ಳಿ ಕಂಡರೂ ಅಲ್ಲಿದ್ದದ್ದು ಒಂದೇ ಬಳ್ಳಿ. ಅಜ್ಜಿಯ ತವರಿನ ತೋಟ ಆ ಹೊತ್ತಿಗಾಗಲೇ ಆಲಮಟ್ಟಿಯ ಹಿನ್ನೀರಿನ ಪಾಲಾಗಿತ್ತು, ಅಲ್ಲಿನ ನೆಂಟರು ಸರಕಾರ ಕೊಟ್ಟ ಹೊಸ ಜಾಗದಲ್ಲಿ ತಗಡಿನ ಮನೆ ಕಟ್ಟಿಕೊಂಡಿದ್ದರು. ಆ ಜಾತಿಯ ಎಲೆ, ತೆಳ್ಳಗೆ, ನಾಲಿಗೆಯ ತುದಿಗೆ ಸಣ್ಣಗೆ ಖಾರ ಹತ್ತುವಂಥದ್ದು, ನಮ್ಮಲ್ಲಿ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ.

ತೋಟಕ್ಕೆ ಅದರದೇ ಕಟ್ಟಳೆಗಳಿದ್ದವು. ಬೇಲಿಯ ಹೊರಗೇ ಚಪ್ಪಲಿ ಬಿಡಬೇಕು. ಬಾವಿಯ ನೀರು ಒಳಗೆ ಹರಿದು ಬರುವ ಬಾಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು, ಅದರ ಮೇಲೆ ನಿಂತು ಕಾಲುವೆಯ ನೀರಲ್ಲಿ ಕಾಲು ತೊಳೆದುಕೊಂಡೇ ಒಳಗೆ ಹೋಗಬೇಕು. ಮುಟ್ಟಾದ ಹೆಂಗಸರು ಬೇಲಿ ದಾಟುವಂತಿಲ್ಲ. ಹಸಿ ಬಳ್ಳಿಯನ್ನು ಬೇರುಸಹಿತ ಕೀಳುವಂತಿಲ್ಲ. ಬಳ್ಳಿಯೆಂದರೆ ಲಕ್ಷ್ಮಿ, ಸಿಟ್ಟಾದರೆ ಎದ್ದು ಹೋಗುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಓದಿದವಳಾದ ನಾನು ಇದಕ್ಕೆಲ್ಲ ಒಳಗೊಳಗೇ ನಗುತ್ತಿದ್ದೆ, ಆದರೆ ಕಾಲು ತೊಳೆಯುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಕಾಲು ತೊಳೆದು ಒಳಗೆ ಹೋಗುವುದು ಸ್ವಚ್ಛತೆಯಲ್ಲವೇ, ಅದರಲ್ಲಿ ತಪ್ಪೇನಿದೆ ಎಂದುಕೊಂಡಿದ್ದೆ.

ವೈನಿ ಬನಹಟ್ಟಿಯ ನೇಕಾರರ ಮನೆಯವಳು. ಮದುವೆಯಾಗಿ ಬರುವವರೆಗೆ ಎಲೆತೋಟವನ್ನೇ ಕಂಡಿರಲಿಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದವಳು, ಮಾತು ಕಡಿಮೆ, ಕೈ ಚುರುಕು. ಬಳ್ಳಿಯನ್ನು ಚೊಗಚೆಯ ಕಾಂಡಕ್ಕೆ ಬಾಳೆಪಟ್ಟೆಯ ನಾರಿನಿಂದ ಕಟ್ಟುವುದು ನಮ್ಮಲ್ಲಿ ಗಂಡಸರ ಕೆಲಸ. ಅವಳು ಹರಿದ ನೂಲು ಕೂಡಿಸುವ ಗಂಟನ್ನೇ ನಾರಿಗೂ ಹಾಕಿದಳು. ಬಳ್ಳಿಯ ಕೊರಳು ಒತ್ತುತ್ತಿರಲಿಲ್ಲ, ಗಾಳಿಗೆ ಸಡಿಲವೂ ಆಗುತ್ತಿರಲಿಲ್ಲ. ಎರಡು ವರ್ಷದೊಳಗೆ ಅಣ್ಣ, "ಇಕಿ ಕಟ್ಟಿದ ಬಳ್ಳಿ ಹತ್ತೂದ ಬ್ಯಾರೆ" ಎಂದು ಮಂದಿಯ ಮುಂದೆ ಹೇಳತೊಡಗಿದ್ದ. ಹೆಂಡತಿಯನ್ನು ಹೊಗಳುವ ಜಾತಿಯ ಗಂಡಸಲ್ಲ ಅವನು. ಅವಳು ಮುಖ ತಿರುಗಿಸಿ ನಗುತ್ತಿದ್ದಳು. ಆ ತೋಟದಲ್ಲಿ ಅವಳಿಗೊಂದು ಮರ್ಯಾದೆ ಹುಟ್ಟಿತ್ತು, ಅದು ಅವಳೇ ದುಡಿದುಕೊಂಡದ್ದು.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಕಳೆದಿತ್ತು. ನಾನು ಕೆಲಸಕ್ಕೆ ಹೊಸಬಳು, ಹುರುಪು ಕೇಳಬೇಡಿ. ಮುಧೋಳದ ಆಚೆ ಒಂದು ಎಲೆತೋಟಕ್ಕೆ ಬುಡ ಕೊಳೆಯುವ ರೋಗ ಬಿದ್ದಿದೆ ಎಂದು ಕೇಳಿ, ಏಳೆಂಟು ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಶನಿವಾರ. ಮೂರು ದಿನದಿಂದ ಜಿಟಿಜಿಟಿ ಮಳೆ. ಅಲ್ಲಿಯೂ ಬೇಲಿಯ ಹೊರಗೆ ಚಪ್ಪಲಿ ಬಿಡಬೇಕು, ಬಿಟ್ಟೆವು. ಹಿಮ್ಮಡಿ ಮುಳುಗುವ ಕೆಸರಿನಲ್ಲಿ ಬರಿಗಾಲಲ್ಲಿ ಅಡ್ಡಾಡಿದೆವು. ಆ ತೋಟದ ಯಜಮಾನ ಕೈ ಕಟ್ಟಿಕೊಂಡು ನನ್ನ ಹಿಂದೆಯೇ ಬಂದ.

"ಏನಾರ ಉಳಿತೈತೇನ್ರಿ ಬಾಯಾರ?" ಎಂದು ಕೇಳಿದ.

"ನೋಡೋಣ್ರಿ," ಎಂದೆ. ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಳೆತ ಒಂದು ಬುಡವನ್ನು ಮಣ್ಣುಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ತೋರಿಸಬೇಕೆಂಬ ಆಸೆ.

ವಿದ್ಯಾರ್ಥಿಗಳನ್ನು ಜಮಖಂಡಿಯ ಬಸ್ಸಿಗೆ ಕಳಿಸಿ, ನಾನು ಮುಧೋಳದಿಂದಲೇ ತೇರದಾಳದ ಕಡೆಯ ಬಸ್ಸು ಹಿಡಿದೆ. ನಾಳೆ ಭಾನುವಾರ, ಮನೆಗೆ ಹೋದಂತಾಯಿತು ಎಂದುಕೊಂಡೆ. ಊರಿಗೆ ಬಂದಾಗ ಸಂಜೆ ನಾಲ್ಕರ ಸುಮಾರು. ಅಣ್ಣ ವೈನಿ ತೋಟದಲ್ಲಿದ್ದಾರೆಂದು ಅವ್ವ ಹೇಳಿದ್ದರಿಂದ ಮನೆಯೊಳಗೂ ಹೋಗದೆ ನೇರ ಅಲ್ಲಿಗೆ ನಡೆದೆ. ಬೆರಳ ಸಂದಿಯಲ್ಲಿ, ಉಗುರಿನ ಅಡಿಯಲ್ಲಿ, ಸೀರೆಯ ಅಂಚಿನಲ್ಲಿ ಮುಧೋಳದ ಕೆಸರು ಒಣಗಿ ಕೂತಿತ್ತು. ಚಪ್ಪಲಿ ಬಿಟ್ಟೆ. ಕಲ್ಲಿನ ಮೇಲೆ ನಿಂತೆ. ನಮ್ಮ ಕಡೆ ಇನ್ನೂ ಮಳೆ ಬಿದ್ದಿರಲಿಲ್ಲ, ಬಾವಿಯ ಮೋಟಾರು ಹಚ್ಚಿದ್ದರು, ನೀರು ಹರಿಯುತ್ತಿತ್ತು. ಕಾಲಿನ ಮೇಲೆ ಕಾಲು ತಿಕ್ಕಿ ತಿಕ್ಕಿ ತೊಳೆದೆ. ಸೀರೆಯ ಅಂಚನ್ನೂ ಅದೇ ನೀರಲ್ಲಿ ಅದ್ದಿ ಹಿಂಡಿದೆ. ಚೀಲದ ತಳಕ್ಕೆ ಹತ್ತಿದ ಮಣ್ಣನ್ನೂ ತೊಳೆದೆ. ನೀರು ಕೆಂಪಗಾಗಿ ಮೊದಲನೇ ಸಾಲಿನ ಬುಡಕ್ಕೆ ಹೋಯಿತು. ಆಮೇಲೆ ಒಳಗೆ ಹೋಗಿ, ವೈನಿ ಕೊಯ್ದು ಕೊಟ್ಟ ಎಲೆಯನ್ನು ಬಾಯಿಗೆ ಹಾಕಿಕೊಂಡು, ಅಣ್ಣನ ಮುಂದೆ ಮುಧೋಳದ ತೋಟದ ಸುದ್ದಿ ಹೇಳುತ್ತ ಕೂತೆ.

ಆ ರೋಗದ ಬೀಜಕಣಕ್ಕೆ ಬಾಲವಿದೆ, ಅದು ನೀರಿನಲ್ಲಿ ಈಜುತ್ತದೆ, ಬೇರಿನ ವಾಸನೆ ಹಿಡಿದು ಅಲ್ಲಿಗೇ ಹೋಗುತ್ತದೆ. ಇದನ್ನು ನಾನು ಸೋಮವಾರ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಬಾಲವನ್ನು ಹಳದಿ ಬಣ್ಣದಲ್ಲಿ ಬಿಡಿಸಿದ್ದೆ. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಇಂಥ ತಲೆಗೆ ಏನನ್ನಬೇಕು ಹೇಳಿ.

ಅದಾದ ಮೂರನೆಯ ಶನಿವಾರ ಊರಿಗೆ ಹೋದಾಗ ಮೊದಲ ಸಾಲಿನ ನಾಲ್ಕು ಬಳ್ಳಿಗಳ ಎಲೆಗಳು ಹೊಳಪು ಕಳೆದುಕೊಂಡಿದ್ದವು. ನೀರು ಸಾಲದೆ ಬಾಡಿದ ಹಾಗೆ ಕಾಣುತ್ತಿದ್ದುದರಿಂದ ಅಣ್ಣ ಇನ್ನಷ್ಟು ನೀರು ಬಿಟ್ಟಿದ್ದ. ನಾನು ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣು ಸರಿಸಿದೆ. ಕರ್ರಗೆ, ಲೋಳೆಯಂತಾಗಿ, ಬೆರಳು ಹಚ್ಚಿದರೆ ಸಿಪ್ಪೆ ಕಳಚಿ ಬಂತು. ಮುಧೋಳದಲ್ಲಿ ಕಂಡದ್ದೇ.

ಚೀಲದಲ್ಲಿದ್ದ ಮಸೂರ ತೆಗೆದು ಸುತ್ತಲಿನ ಬಳ್ಳಿಗಳನ್ನು ನೋಡಿದೆ. ಗಿಡಕ್ಕೆ ನಮ್ಮಂತೆ ರಕ್ತವಿಲ್ಲ, ರಕ್ತದಲ್ಲಿ ತಿರುಗಾಡುವ ಕಾವಲಿನವರಿಲ್ಲ. ಒಂದೊಂದು ಜೀವಕೋಶವೂ ತನ್ನ ಮನೆಯನ್ನು ತಾನೇ ಕಾಯಬೇಕು. ಮೊದಲು ಎಲೆಯ ಮೇಲಿನ ಮೇಣ ತಡೆಯುತ್ತದೆ. ಉಸಿರಾಡುವ ರಂಧ್ರಗಳು ವೈರಿಯ ಸುಳಿವು ಹತ್ತಿದರೆ ಬಾಗಿಲು ಹಾಕಿಕೊಳ್ಳುತ್ತವೆ. ನಮ್ಮ ನಾಲಿಗೆಗೆ ಹತ್ತುವ ಆ ಖಾರ ನಮಗಾಗಿ ಇರುವುದಲ್ಲ, ಅದು ಬಳ್ಳಿ ರೋಗಾಣುಗಳಿಗೆಂದು ಕೂಡಿಟ್ಟುಕೊಂಡ ವಿಷ. ಇಷ್ಟನ್ನೂ ದಾಟಿ ಒಳಗೆ ಬಂದರೆ ಕೊನೆಯ ಉಪಾಯ ಒಂದಿದೆ. ಹಲ್ಲೆಗೊಳಗಾದ ಕೋಶ ಸುತ್ತಲಿನವರಿಗೆ ಸುದ್ದಿ ಮುಟ್ಟಿಸಿ ತಾನು ಸಾಯುತ್ತದೆ. ಅಕ್ಕಪಕ್ಕದವೂ ಬೇಕೆಂದೇ ಸಾಯುತ್ತವೆ. ಸತ್ತ ಕೋಶಗಳ ನಡುವೆ ಸಿಕ್ಕ ವೈರಿಗೆ ತಿನ್ನಲು ಏನೂ ಸಿಗುವುದಿಲ್ಲ. ಮಸೂರದಲ್ಲಿ ಅದು ಕಾಣುತ್ತಿತ್ತು. ಕೆಳಗಿನ ಎಲೆಗಳ ಮೇಲೆ ಸಾಸಿವೆ ಗಾತ್ರದ ಕಂದು ಚುಕ್ಕೆಗಳು, ಅವುಗಳ ಸುತ್ತ ಗೆರೆ ಎಳೆದ ಹಾಗೆ ಅಂಚು. ಎಲೆಗಳು ಹೋರಾಡಿ ಗೆದ್ದಿದ್ದವು. ಬುಡದಲ್ಲಿ ಮಾತ್ರ ಗೆರೆ ಇರಲಿಲ್ಲ. ಸದಾ ತೇವದಲ್ಲಿದ್ದ ಆ ಮೆತ್ತನೆಯ ಬುಡಕ್ಕೆ ಕಾದಾಡುವ ಹೊತ್ತೇ ಸಿಕ್ಕಿರಲಿಲ್ಲ.

"ನೀರ ಬಂದ್ ಮಾಡಣ್ಣ," ಎಂದೆ. "ಈ ಸಾಲು, ಇದರ ಮಗ್ಗಲಿನ ಎರಡು ಸಾಲು ಕಿತ್ತು ಸುಡಬೇಕು. ಇವತ್ತ."

"ಮಗ್ಗಲದಾವು ಛಲೋ ಅದಾವಲ್ಲ."

"ಛಲೋ ಅದಾವ ಅಂತನ ಕೀಳೂದು. ನಡುವ ಬಯಲು ಬಿದ್ರ ರೋಗ ದಾಟೂದಿಲ್ಲ."

ಅಣ್ಣ ಒಂದು ಬಳ್ಳಿಯ ಮೈಮೇಲೆ ಕೈ ಇಟ್ಟ. "ಹಸಿ ಬಳ್ಳಿ ಹೆಂಗ ಕೀಳ್ಲಿ ಬೇ ತಂಗಿ? ಅಜ್ಜಿ ಹಚ್ಚಿದ್ದು," ಎಂದ. ನಾನು ರೇಗಿದೆ. ಅವನೂ ರೇಗಿದ. ಮೊದಲು ಇದು ಎಲ್ಲಿಂದ ಬಂತು ಹೇಳು, ಆಮೇಲೆ ಕೀಳುವ ಮಾತಾಡು ಎಂದ.

ಎಲ್ಲಿಂದ ಬಂತು ಎಂದು ನೋಡಲು ನಾನು ಬಾಡಿದ ಬಳ್ಳಿಗಳನ್ನು ಹಿಂದೆ ಹಿಂದೆ ಎಣಿಸುತ್ತ ಹೋದೆ. ಎಲ್ಲಕ್ಕಿಂತ ಹೆಚ್ಚು ಕೊಳೆತದ್ದು ಸಾಲಿನ ಮೊದಲನೆಯದು. ಅದರ ಮುಂದೆ ಕಾಲುವೆಯ ಬಾಯಿ. ಕಾಲುವೆಯ ಬಾಯಲ್ಲಿ ಆ ಕಲ್ಲು. ಕಲ್ಲಿನ ಮೇಲೆ ನಿಂತು ಹಿಮ್ಮಡಿ ತಿಕ್ಕುತ್ತಿದ್ದ ನಾನು. ಕೆಂಪಗೆ ಹರಿದು ಹೋದ ನೀರು. ಅಲ್ಲೇ ಕೂತುಬಿಟ್ಟೆ. ಆ ಕ್ಷಣಕ್ಕೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬೇಲಿಯ ಹತ್ತಿರ ಅವ್ವನ ದನಿ ಕೇಳಿತು.

ಅವ್ವ ವೈನಿಯನ್ನು ನಿಲ್ಲಿಸಿ ಕೇಳುತ್ತಿದ್ದಳು. "ಖರೆ ಹೇಳ. ಹೊರಗಾದಾಗ ತ್ವಾಟದಾಗ ಕಾಲ ಇಟ್ಟಿದ್ದೇನು?"

ವೈನಿ ತಲೆ ಬಗ್ಗಿಸಿದಳು. ಇಲ್ಲ ಎನ್ನಲಿಲ್ಲ. ಹೌದೆನ್ನಲೂ ಇಲ್ಲ. ಸುಮ್ಮನಿರುವುದು ಅವಳ ಸ್ವಭಾವ, ಇಂಥ ಮಾತಿಗೆ ಉತ್ತರ ಕೊಡುವುದೇ ಅವಮಾನವೆಂದು ಸುಮ್ಮನಿದ್ದಾಳೆ ಎಂದು ನಾನು ತಿಳಿದೆ. ಅವ್ವ ಬೇರೆ ರೀತಿ ತಿಳಿದಳು. ಅಣ್ಣನೂ. ಅವನ ಮುಖ ಗಂಟಾಯಿತು, ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂಬಂತೆ ಕೈ ಕೊಡವಿಕೊಂಡು ಹೊರಗೆ ನಡೆದ.

"ಅವ್ವ, ಇದು ರೋಗ. ಮೈಲಿಗಿ ಅಲ್ಲ," ಎಂದು ಕೂಗಿದೆ.

"ರೋಗ ಅಂತ ನನಗೂ ಕಾಣ್ತೈತಿ ಬೇ. ರೋಗ ಯಾಕ ಬಂತು ಅನ್ನೂದು ನಿನ್ನ ಪುಸ್ತಕದಾಗ ಐತೇನು?" ಎಂದಳು ಅವ್ವ.

ನನ್ನ ಪುಸ್ತಕದಲ್ಲಿ ಇತ್ತು. ನನ್ನ ಕಾಲಿನ ಉಗುರಿನಲ್ಲಿ ಇತ್ತು. ಅದನ್ನು ಹೇಳಲಿಲ್ಲ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಣ್ಣ ತನ್ನ ಓದು ಅರ್ಧಕ್ಕೆ ಬಿಟ್ಟು ಎಲೆ ಕೊಯ್ದು ನನ್ನನ್ನು ಓದಿಸಿದವನು. ಕೊಯ್ದ ಎಲೆಯ ಮೇಲೆಯೇ ನಾನು ಪ್ರಾಧ್ಯಾಪಕಿಯಾದದ್ದು. ಊರಲ್ಲಿ ನಮ್ಮ ಮನೆತನದಿಂದ ಕಾಲೇಜಿಗೆ ಕಲಿಸಲು ಹೋದವಳು ನಾನೊಬ್ಬಳೇ. ರೋಗದ ಬಗ್ಗೆ ಎಲ್ಲ ಬಲ್ಲವಳೇ ರೋಗವನ್ನು ಕಾಲಲ್ಲಿ ಹೊತ್ತು ತಂದಳು ಎಂದು ಹೇಗೆ ಹೇಳುವುದು? ಮುಂದಿನ ಶನಿವಾರ ಹೇಳೋಣ, ಅಣ್ಣನ ಸಿಟ್ಟು ಇಳಿಯಲಿ ಎಂದುಕೊಂಡೆ. ಹೇಡಿಗಳಿಗೆ ಯಾವಾಗಲೂ ಮುಂದಿನ ಶನಿವಾರ ಒಂದು ಇರುತ್ತದೆ.

ಮುಂದಿನ ಶನಿವಾರ ಎರಡನೆಯ ಸಾಲು ಬಾಡಿತ್ತು. ಮೈಲುತುತ್ತು, ಸುಣ್ಣ ತಂದು ದ್ರಾವಣ ಕಲೆಸಿ ಬುಡಬುಡಕ್ಕೆ ಸುರಿದೆವು. ಬೇವಿನ ಹಿಂಡಿ ಹಾಕಿದೆವು. ನೀರು ನಿಲ್ಲಿಸಿದೆವು, ಆದರೆ ಮಳೆಯನ್ನು ನಿಲ್ಲಿಸುವವರು ಯಾರು? ವಾರ ಬಿಡದೆ ಸುರಿಯಿತು. ಹೊಳೆಗೆ ನೀರು ಏರಿ ಬಾವಿಯೂ ಮೇಲಕ್ಕೆ ಬಂದಿತ್ತು, ಹೆಜ್ಜೆ ಇಟ್ಟಲ್ಲಿ ನೆಲ ಪಚಪಚ ಎನ್ನುತ್ತಿತ್ತು. ಅಣ್ಣ ಇನ್ನೂ ಹಸಿ ಬಳ್ಳಿ ಕೀಳಲು ಒಪ್ಪಿರಲಿಲ್ಲ. ಕೊನೆಗೆ ಒಂದು ಭಾನುವಾರ ನಾನೇ ಸೆರಗು ಸಿಕ್ಕಿಸಿ ಮೂರನೆಯ ಸಾಲಿಗೆ ಕೈ ಹಾಕಿದೆ. ಬಳ್ಳಿ ಮರವನ್ನು ಸಣ್ಣ ಸಣ್ಣ ಬೇರುಗಳಿಂದ ಹಿಡಿದುಕೊಂಡಿರುತ್ತದೆ. ಎಳೆದರೆ ಹೊಲಿಗೆ ಬಿಚ್ಚಿದ ಹಾಗೆ ಪರಪರ ಸದ್ದು ಮಾಡುತ್ತ ಬಿಡುತ್ತದೆ. ಆ ಸದ್ದು ಕೇಳಲಾರದೆ ಅಣ್ಣ ಆ ಕಡೆ ಮುಖ ಮಾಡಿ ಕೂತಿದ್ದ.

ವೈನಿ ಬೇಲಿಯ ಹೊರಗೆ ನಿಂತಿದ್ದಳು. ಅವಳನ್ನು ಒಳಗೆ ಬಿಡುತ್ತಿರಲಿಲ್ಲ. "ಅತ್ತೀ, ಅವರೊಬ್ಬರ ಕೈಲೆ ಆಗಂಗಿಲ್ರಿ. ನಾ ಗಂಟ ಬಿಚ್ಚಿ ಕೊಡ್ಲೇನ್ರಿ? ಜಗ್ಗಿದ್ರ ಪಕ್ಕದಾವೂ ಹರೀತಾವ," ಎಂದಳು.

"ನೀ ಕೈ ಹಚ್ಚಿದ್ದು ಸಾಕು," ಎಂದಳು ಅವ್ವ.

ಆಗಲೂ ನಾನು ಹೇಳಬಹುದಿತ್ತು. ಕೈಯಲ್ಲಿ ಅವಳೇ ಹಾಕಿದ ಗಂಟು ಹಿಡಿದುಕೊಂಡು, ಬಿಚ್ಚಲು ಬರದೆ, ಹಲ್ಲಿನಿಂದ ಹರಿಯುತ್ತಿದ್ದೆ. ಹಲ್ಲಿನ ಸಂದಿಗೆ ನಾರು ಸಿಕ್ಕಿತ್ತು. ಹೇಳಲಿಲ್ಲ.

ಕಿತ್ತದ್ದೂ ವ್ಯರ್ಥವಾಯಿತು. ನಾನು ಬಯಲು ಮಾಡುವ ಮೊದಲೇ ನೀರು ಬೇಲಿಯ ತನಕ ಹೋಗಿ ಬಂದಿತ್ತು. ಒಂದೊಂದು ಶನಿವಾರ ಬಸ್ಸಿಳಿದು ತೋಟದ ದಾರಿ ಹಿಡಿದಾಗ, ಇವತ್ತು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ. ಬೇರೆ ಬೇರೆ ಜಾತಿಯ ಬಳ್ಳಿಗಳಿದ್ದರೆ ಯಾವುದೋ ಒಂದು ವೈರಿಯ ಗುರುತು ಹಿಡಿಯುತ್ತಿತ್ತು, ತಡೆದು ನಿಲ್ಲುತ್ತಿತ್ತು. ನಮ್ಮಲ್ಲಿದ್ದದ್ದು ಒಂದೇ ಬಳ್ಳಿ. ಅದಕ್ಕೆ ಗೊತ್ತಿಲ್ಲದ್ದು ಯಾವುದಕ್ಕೂ ಗೊತ್ತಿರಲಿಲ್ಲ. ದಸರೆಯ ಹೊತ್ತಿಗೆ ಚೊಗಚೆಯ ಗಿಡಗಳು ಬೋಳಾಗಿ ನಿಂತಿದ್ದವು. ಕೊನೆಯ ಸಾಲಿನ ತುದಿಯಿಂದ ಹತ್ತು ತುಂಡು ಕತ್ತರಿಸಿ ಜಮಖಂಡಿಗೆ ಒಯ್ದು, ಹೊಸ ಮಣ್ಣು ಹಾಕಿ, ಕುಂಡಗಳಲ್ಲಿ ಊರಿ, ದಿನಕ್ಕೆ ನಾಲ್ಕು ಸಲ ನೋಡಿದೆ. ಒಂದಾದರೂ ಚಿಗುರಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ದೇವರ ಮುಂದೆ ಹರಕೆ ಹೊತ್ತೆ. ನಂಬಿಕೆ ಇಲ್ಲದವಳು ಹೊತ್ತ ಹರಕೆ. ಹತ್ತೂ ಬುಡದಿಂದ ಕಪ್ಪಾದವು.

ಹೊಳೆಗೆ ಕಟ್ಟಿದ ಬ್ಯಾರೇಜಿನ ನೀರು ಬಂದ ಮೇಲೆ ಅಣ್ಣ ಅಲ್ಲಿ ಕಬ್ಬು ಹಚ್ಚಿದ. ಹೊಟ್ಟೆಗೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚೇ ಬಂತು. ಆದರೆ ಅವನು ಕಬ್ಬಿನೊಳಗೆ ಹೋಗಿ ಕೂತದ್ದನ್ನು ನಾನು ಕಾಣಲಿಲ್ಲ. ವೈನಿಗೆ ಊರಲ್ಲಿ ಒಂದು ಹೆಸರು ಬಿತ್ತು: ತ್ವಾಟ ತಿಂದಾಕಿ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಉಡಿ ತುಂಬುವ ಕಾರ್ಯಕ್ಕೆ, ಹೊಸ ಬೀಜ ಊರುವ ದಿನಕ್ಕೆ, ಪಕ್ಕದ ಮನೆಯವರನ್ನೆಲ್ಲ ಕರೆದು ಅವಳನ್ನು ಬಿಟ್ಟು ಹೋಗುತ್ತಿದ್ದರು. ಅಣ್ಣ ಹೊಡೆಯಲಿಲ್ಲ, ಬಯ್ಯಲಿಲ್ಲ. ಅವಳ ಕೈಯ ಕೆಲಸವನ್ನು ಹೊಗಳುವುದನ್ನು ಬಿಟ್ಟ, ಅಷ್ಟೇ. ಅವಳು ಅಂಗಳದ ತುಳಸಿಗೂ ಮಗಳ ಕೈಯಿಂದ ನೀರು ಹಾಕಿಸತೊಡಗಿದಳು. ಮಗಳಿಗಾಗ ಐದು ವರ್ಷ.

ನಾನು ಊರಿಗೆ ಹೋದಾಗಲೆಲ್ಲ ಎಲ್ಲರಿಗೂ ಭಾಷಣ ಮಾಡುತ್ತಿದ್ದೆ. ಮುಟ್ಟಿಗೂ ಬಳ್ಳಿಗೂ ಸಂಬಂಧವಿಲ್ಲ, ಅದು ಶಿಲೀಂಧ್ರದಂಥ ಒಂದು ಜೀವಿ, ಕೆಸರಿನಲ್ಲಿ ಬರುತ್ತದೆ, ನೀರಿನಲ್ಲಿ ಹರಡುತ್ತದೆ. ಯಾರ ಕೆಸರು, ಯಾವ ನೀರು ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದೆ. ಅವರು ಮರ್ಯಾದೆಯಿಂದ ಕೇಳುತ್ತಿದ್ದರು. ತರಗತಿಯಲ್ಲಿಯೂ ಹಾಗೆಯೇ. ಹಲ್ಲೆಗೊಳಗಾದ ಕೋಶ ಮೊದಲು ಸುತ್ತಲಿನವರಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಹೇಳುವಾಗ ಪ್ರತಿ ವರ್ಷ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಮೆದುಳಿಲ್ಲದ, ನಾಲಿಗೆಯಿಲ್ಲದ ಒಂದು ಹಸಿರು ಚುಕ್ಕೆ ಮಾಡುವ ಕೆಲಸ ನನ್ನಿಂದ ಆಗಿರಲಿಲ್ಲ. ನೀರು ಕುಡಿದು ಮುಂದಿನ ಸಾಲು ಬರೆಯುತ್ತಿದ್ದೆ.

ಹದಿನೈದು ವರ್ಷದ ಮೇಲೆ ಆ ಮಗಳ ನಿಶ್ಚಯ. ಹುಡುಗನ ಕಡೆಯವರು ಮಹಾಲಿಂಗಪುರದವರು. ಹಜಾರದಲ್ಲಿ ಜಮಖಾನೆ ಹಾಸಿತ್ತು, ಹಿರಿಯರು ಕೂತಿದ್ದರು, ಎಲೆ ಅಡಿಕೆ ಬದಲಾಯಿಸುವ ಹೊತ್ತು ಹತ್ತಿರ ಬಂದಿತ್ತು. ಅಡಿಗೆಮನೆಯಲ್ಲಿ ನಾನು ಮತ್ತು ವೈನಿ ಇಬ್ಬರೇ. ಪೇಟೆಯಿಂದ ತಂದ ಎಲೆಯ ಕಟ್ಟು ಒದ್ದೆ ಬಟ್ಟೆಯಲ್ಲಿತ್ತು. ಹುಡುಗಿಯ ತಾಯಿ ಎಲೆಯನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿ ಹೊರಗೆ ತರಬೇಕು. ವೈನಿ ತಟ್ಟೆ ಒರೆಸಿದಳು, ಅಡಿಕೆ ಇಟ್ಟಳು, ಅರಿಶಿನ ಕುಂಕುಮ ಇಟ್ಟಳು, ಆಮೇಲೆ ಕೈ ಹಿಂದೆಗೆದುಕೊಂಡಳು.

"ಎಲಿ ನೀವ ಜೋಡಸ್ರಿ," ಎಂದಳು.

"ನಿನ್ನ ಮಗಳ ನಿಶ್ಚಯ ವೈನಿ. ನೀನ ಜೋಡಸಬೇಕು."

"ಬ್ಯಾಡ್ರಿ. ನನ್ನ ಕೈ ಹತ್ತೂದು ಬ್ಯಾಡ. ಆಕಿ ಸಂಸಾರ ಛಲೋ ಆಗ್ಲಿ."

ಅಲ್ಲಿ ನಾನು ಒಡೆದುಹೋದೆ. ಗೋಡೆಗೆ ಒರಗಿ, ನಿಂತಲ್ಲೇ ಹೇಳಿದೆ. ಮುಧೋಳದ ತೋಟ, ಕೆಸರು, ಬಸ್ಸು, ಕಲ್ಲು, ಸೀರೆಯ ಅಂಚು, ಕೆಂಪಗೆ ಹರಿದ ನೀರು. ಒಂದನ್ನೂ ಬಿಡಲಿಲ್ಲ. ಅವಳು ಒಲೆಯ ಉರಿ ಸಣ್ಣ ಮಾಡಿ, ನನ್ನ ಮುಖವನ್ನೇ ನೋಡುತ್ತ ಕೇಳಿದಳು.

"ನಿಮಗ ಯಾವಾಗ ಗೊತ್ತಾತು?"

"ಅವತ್ತ. ಅವ್ವ ನಿನ್ನ ಕೇಳಿದ ದಿನಾನ."

ಅವಳು ನೆಲದ ಮೇಲೆ ಕೂತಳು. ದನಿ ಏರಿಸದೆ ಮಾತಾಡಿದಳು. "ಆ ವಾರ ಎಲಿ ಕೊಯ್ಯಾಕ ಮಂದಿ ಬಂದಿರಲಿಲ್ಲ. ನಿಮ್ಮಣ್ಣ ಒಬ್ರ ಒದ್ದ್ಯಾಡಾಕತ್ತಿದ್ರು. ನಾ ಹೊರಗಾಗಿ ಎರಡನೇ ದಿನ. ಅದನ್ನ ಯಾರಿಗೂ ಹೇಳದ ಒಳಗ ಹೋಗಿದ್ನಿ. ನಿಮಗ ಎಲಿ ಕೊಯ್ದು ಕೊಟ್ಟಿದ್ದೂ ಅವತ್ತ. ಅದಕ್ಕ ಅತ್ತಿ ಕೇಳಿದಾಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಮಂದಿ ಏನ ಅಂದ್ರೂ ಖರೆನ ಅಂತಾರ ಅಂದ್ಕೊಂಡ್ನಿ. ನಾನ ಕೊಂದೀನಿ ಅಂತ ತಿಳದೀನಿ, ಇಷ್ಟ ವರ್ಷ."

ಮಂದಿ ಅವಳನ್ನು ತಪ್ಪು ತಿಳಿದಿದ್ದಾರೆ, ಅವಳಿಗಾದರೂ ತನ್ನ ತಪ್ಪಿಲ್ಲವೆಂಬುದು ಗೊತ್ತಿದೆ ಎಂಬ ಒಂದೇ ಸಮಾಧಾನದ ಮೇಲೆ ನಾನು ಇಷ್ಟು ವರ್ಷ ಉಂಡು ಮಲಗಿದ್ದೆ.

"ಮಗಳ ತಲಿಗೆ ಒಂದು ಹೂವ ಹರದು ಮುಡಿಸಿಲ್ರಿ ನಾನು," ಎಂದಳು ವೈನಿ. "ನಾ ಹರದ್ರ ಗಿಡಾ ಸಾಯ್ತೈತಿ ಅಂತ. ಸಾಲಿಗೆ ಹೋಗೂಮುಂದ ಹೂವ ಬೇಕಂತ ಅಳತಿತ್ತು. ಹೊಡದು ಕಳಸೀನಿ."

ಹೊರಗಿನಿಂದ ಅಣ್ಣ, "ಆತೇನ?" ಎಂದು ಕೂಗಿದ. ವೈನಿ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನನಗ ಹೇಳಿದ್ದನ್ನ ಹೊರಗ ಬಂದು ಹೇಳ್ತೀರೇನು? ನಿಮ್ಮಣ್ಣನ ಮುಂದ, ಅತ್ತಿ ಮುಂದ?" ಎಂದು ಕೇಳಿದಳು.

ಹೇಳಿದೆ. ಬೀಗರಾಗುವವರ ಎದುರಿಗೇ ಹೇಳಿದೆ, ಈ ಸಲ ಏನನ್ನೂ ನುಂಗಲಿಲ್ಲ. ತೋಟಕ್ಕೆ ರೋಗ ತಂದದ್ದು ನಾನು, ನನ್ನ ಕಾಲು, ವೈನಿಯ ತಪ್ಪು ಎಳ್ಳಷ್ಟೂ ಇಲ್ಲ ಎಂದೆ. ಅಣ್ಣ ನಕ್ಕ, ಪ್ರೀತಿಯಿಂದಲೇ ನಕ್ಕ. "ಮೊದಲಿಂದ ಹಂಗ ಇಕಿ," ಎಂದು ಬೀಗರ ಕಡೆ ತಿರುಗಿದ. "ವೈನಿ ಮ್ಯಾಲ ಒಂದು ಮಾತು ಬರಗೊಡಂಗಿಲ್ಲ. ಈಗ ನೋಡ್ರಿ, ತನ್ನ ಮ್ಯಾಲ ಹಾಕ್ಕೊಂಡ್ಳು."

"ಖರೆನ ಹೇಳಾಕತ್ತೀನಣ್ಣ."

"ಆತು ಬಿಡ ತಂಗಿ. ಹಳೇದು ಯಾಕ ಈಗ," ಎಂದ.

ಗೋಡೆಗೆ ಆತು ಕೂತಿದ್ದ ಅವ್ವ ಕಣ್ಣು ಒರೆಸಿಕೊಂಡಳು. "ಕಾಲ ತೊಳಕೊಂಡು ಹೋದಾಕಿಯಿಂದ ಎಲ್ಲಿ ರೋಗ ಬರ್ತೈತಿ ಬೇ? ದೊಡ್ಡ ಮನಸು ನಿಂದು," ಎಂದಳು. ಬೀಗರು ತಲೆದೂಗಿದರು. ಓದಿದವರ ಗುಣವೇ ಬೇರೆ ಎಂದು ಅವರಲ್ಲೊಬ್ಬರು ಅಂದದ್ದು ಕೇಳಿಸಿತು.

ನಾನು ತಿರುಗಿ ನೋಡಿದೆ. ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹತ್ತಿರ ಹೋದೆ. ಅವಳು ನನಗಷ್ಟೇ ಕೇಳುವಂತೆ, "ನಾ ನಂಬತೀನ್ರಿ," ಎಂದಳು. "ನಾ ಒಬ್ಬಾಕಿ ನಂಬಿ ಏನ ಮಾಡ್ಲಿ?"